ಕೊಂಡಿ ಕೂಡದ ಎರಡು ರ್‍ಯಾಮ್

ಫ್ಯಾನು ತಿರುಗಿತು, ನಿಂತಿತು, ಮತ್ತೆ ತಿರುಗಿತು — ಕರೆಂಟಿದೆ, ಗಾಳಿಯಿದೆ, ಆದರೂ ಕಂಪ್ಯೂಟರಿನ ಪರದೆ ಕಪ್ಪು, ಆ ಕಪ್ಪಿನ ಮುಂದೆ ಅತ್ತೆ ಪದ್ಮವ್ವನ ಬೆರಳು, ಸೀರೆಯಂಚಿನ ಹೂವು ಈಗ ಬರುತ್ತದೆ ಎಂದು ಎತ್ತಿದ್ದು ಹಾಗೇ ಇದೆ, ಭುವನೇಶ್ವರಿ ಡಬ್ಬಿಯ ಬಾಗಿಲು ಬಿಚ್ಚಿ ಒಳಗೆ ಬಗ್ಗಿದಳು. ನಿನ್ನೆಯವರೆಗೆ ನಡೆಯುತ್ತಿತ್ತು, ನಿಧಾನ ಅಷ್ಟೆ, ದಡಿಯ ಹೂವನ್ನು ದೊಡ್ಡದು ಮಾಡಿದರೆ ತೆವಳುತ್ತಿತ್ತು, ದೊಡ್ಡದು ಮಾಡದಿದ್ದರೆ ಅತ್ತೆಗೆ ಕಾಣದು, ಕಣ್ಣು ತಿಂಗಳಿಂದ ತಿಂಗಳಿಗೆ ಮಂಜಾಗುತ್ತಿದೆ, ಅವಳು ಹೇಳಿದಂತೆ ಭುವನೇಶ್ವರಿ ಪರದೆಯ ಚೌಕ ತುಂಬಿ ಇಳಿಸಿಕೊಳ್ಳುತ್ತಿರುವ ಆ ಹಳೆಯ ದಡಿ ಇನ್ನಾರ ತಲೆಯಲ್ಲೂ ಇಲ್ಲ, ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಹೂವು ಸೊಟ್ಟ — ಅದಕ್ಕೇ ಇನ್ನೊಂದು ರ್‍ಯಾಮ್ ಪಟ್ಟಿ, ಕಂಪ್ಯೂಟರಿನ ಓಟ ಹೆಚ್ಚಿಸುವ ನೆನಪಿನ ತುಂಡು, ತಂದು ಹಳೆಯದರ ಪಕ್ಕ ಒತ್ತಿದ್ದು. ಎರಡೂ ಒಂದೇ ನಮೂನೆ ಇರಬೇಕೇ ಎಂದು ಅಂಗಡಿಯಲ್ಲಿ ಕೇಳಲೇ ಇಲ್ಲ, ಯಾಕೆ ಕೇಳಬೇಕು, ಇಳಕಲ್ಲಿನವಳು, ಸೀರೆ ಮೈಯ ಹತ್ತಿಯ ಹಾಸೆಳೆಗಳಿಗೆ ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಮನೆಯವಳು, ಬೇರೆ ಬೇರೆ ಇದ್ದದ್ದು ಕೂಡಿದರೇ ಸೀರೆ. ಹೊಸದನ್ನು ತೆಗೆದು ಗುಂಡಿ ಒತ್ತಿದಳು, ಬೆಳಕು. ಹಳೆಯದನ್ನು ತೆಗೆದು ಹೊಸದೊಂದನ್ನೇ — ಬೆಳಕು. ಎರಡೂ ಕೂಡಿದರೆ ಕಪ್ಪು. ಅರೆ, ಇದೇನು ಚಂದ, ಸತ್ತದ್ದು ಯಾವುದೂ ಅಲ್ಲ, ಹಾಗಾದರೆ ಒಳಗೆ ಜಗಳವಾಡುವವರು ಯಾರು. ಫೋನಿನಲ್ಲಿ ಅಂಗಡಿಯ ಅಕೀಲ ನಗುತ್ತಾನೆ, ಅಕ್ಕಾರ, ಒಂದರ ಓಟ ಇನ್ನೊಂದಕ್ಕ ಹೊಂದವಲ್ದು, ಅಣ್ಣತಮ್ಮರ ಹೆಂಡಿರು, ನೆಗೆಣ್ಣೇರು ಇದ್ದಂಗರಿ, ಬ್ಯಾರೆ ಬ್ಯಾರೆ ಮನ್ಯಾಗ ಇಬ್ಬರೂ ಬಂಗಾರ, ನಿಮ್ಮ ಹೂವಿಗೇನೂ ಆಗಿಲ್ಲ, ಅದನ್ನ ಉಳಿಸಿಟ್ಟಿರೋ ಡಿಸ್ಕೇ ಬ್ಯಾರೆ, ನಾಳಿ ಬರ್ರಿ, ಹೊಂದೋ ಜೋಡಿ ಕೊಡ್ತೇನಿ. ನಾಳಿ ಯಾಕ, ಎನ್ನುತ್ತಾಳೆ ಪದ್ಮವ್ವ, ಇವತ್ತ ಬಿಸಿಲು ಛಲೋ ಐತಿ, ಇವತ್ತ ನನಗ ಕಾಣತೈತಿ.

ಹಾಗಾದರೆ ಹಳೆಯದೊಂದೇ ಸಾಕು, ತೆವಳಲಿ. ಒತ್ತಿದಳು, ಬೆಳಕು, ಹೂವು ದೊಡ್ಡದಾಗಲು ತಿಣುಕುತ್ತಿದೆ, ಸಾಲಿನ ಕೆಳಗೆ ಸಾಲು, ಮಗ್ಗದ ಮೇಲೆ ಅಡ್ಡೆಳೆಯ ಹೊಕ್ಕು ಬಿದ್ದಂತೆ, ಒಂದು ಬಿದ್ದಮೇಲೆ ಇನ್ನೊಂದು — ಬೇಗ ಬಾ ಎಂದು ಇಷ್ಟು ದಿನ ಬೈದದ್ದೇ ಇದನ್ನು, ಆದರೆ ಅತ್ತೆ ಬೈಯುತ್ತಿಲ್ಲ, ಅವಳ ಬೆರಳು ಸಾಲಿನ ಜೊತೆಗೇ ಇಳಿಯುತ್ತಿದೆ, ಇಡೀ ಹೂವು ಒಮ್ಮೆಲೇ ಬಂದಾಗ ತಡವರಿಸುವ ಕಣ್ಣು ಸಾಲುಸಾಲಾಗಿ ಬಂದರೆ ಓದುತ್ತದಲ್ಲ, ಇದು ಭುವನೇಶ್ವರಿಗೆ ಹೊಳೆದೇ ಇರಲಿಲ್ಲ, ಎಸಳು, ಎಸಳು, ತೊಟ್ಟು, ಮತ್ತೆ ಎಸಳು, ಬೆರಳು ನಿಂತಿತು. ಇಲ್ಲೆ, ಭುವನಾ. ಈ ಚೌಕದ ಮನಿ ಖಾಲಿ ಬಿಡಬೇಕವಾ, ನೀ ತುಂಬೀದಿ. ತುಂಬಿದ ಒಂದು ಚೌಕ, ಅದರ ಮೇಲೆ ಸುಕ್ಕುಗಟ್ಟಿದ ಬೆರಳು, ಭುವನೇಶ್ವರಿ ಅದನ್ನು ಅಳಿಸುವವರೆಗೂ ಅಲುಗದು —