ಒಂದೇ ನಕ್ಷೆಯ ಇಬ್ಬರು

ಡೆಲ್ಮಾ ಒಳ್ಳೆಯ ಹುಡುಗಿಯೇ. ಆದರೆ ಒಂದು ವಿಷಯ ತಲೆಗೆ ಹೊಕ್ಕಿತೆಂದರೆ ಅವಳಿಗೆ ಊಟ, ನಿದ್ದೆ ಎರಡೂ ನೆನಪಿರುವುದಿಲ್ಲ. ಕೊಲ್ಲಿ ದೇಶದ ಶುವೈಖ್‌ನ ವಾಹನ ಬಿಡಿಭಾಗಗಳ ಕಂಪೆನಿಯೊಂದರಲ್ಲಿ ಬಿಲ್ ಮಾಡುತ್ತ, ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದ ಅವಳು ಪ್ರಬಂಧಕ್ಕೆ ಆರಿಸಿಕೊಂಡದ್ದು ಶ್ರೀಲಂಕಾದ ಅಂತರ್ಯುದ್ಧದ ಕೊನೆಯ ಕಾರ್ಯಾಚರಣೆ. ಸೇನೆ ಉತ್ತರದ ತಮಿಳರ ವನ್ನಿ ಪ್ರದೇಶದೊಳಗೆ ನುಗ್ಗಿದ ಆ ತಿಂಗಳುಗಳ ಕಥೆ. ಪುಸ್ತಕಗಳ ತುಂಬ ಬರೀ ಸೇನಾಪತಿಗಳು. ಅವಳಿಗೆ ಬೇಕಿದ್ದದ್ದು ಸಾಮಾನ್ಯ ಮನುಷ್ಯರು, ಅಂಥವರು ಗೋದಾಮಿನಲ್ಲೇ ಇಬ್ಬರಿದ್ದರು.

ಈಗ ಕಂಪೆನಿಯ ಲಾರಿ ಓಡಿಸುವ ಸಿಂಹಳೀಯ ಪಿಯದಾಸ ಆಗ ಸೇನೆಯ ಟ್ರಕ್ ಓಡಿಸುತ್ತಿದ್ದವನು. ಸ್ಟೋರ್ ನೋಡಿಕೊಳ್ಳುವ ತಮಿಳ ತವರಾಸ ಅದೇ ಸೇನೆಗೆ ಹೆದರಿ ಮನೆಮಂದಿಯನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿಕೊಂಡು ಓಡಿದವನು. ಹನ್ನೊಂದು ವರ್ಷದಿಂದ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದರು, ಅರಬ್ಬಿ-ಹಿಂದಿಯ ಕಲಸುಮೇಲೋಗರದಲ್ಲಿ ಹರಟುತ್ತಿದ್ದರು. ಯುದ್ಧದ ಸುದ್ದಿ ಮಾತ್ರ ಅಪ್ಪಿತಪ್ಪಿಯೂ ಎತ್ತುತ್ತಿರಲಿಲ್ಲ. ಡೆಲ್ಮಾ ಅವರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿದಳು. ಇನ್ನೊಬ್ಬರಿಗೆ ಹೇಳುವುದಿಲ್ಲ ಎಂದು ಇಬ್ಬರಿಗೂ ಮಾತು ಕೊಟ್ಟಳು.

ಕೊಟ್ಟ ಮಾತು ಮರೆಯಲಿಲ್ಲ, ಪ್ರಿಂಟರನ್ನು ಮರೆತಳು. ಇಬ್ಬರ ದಾರಿಯನ್ನೂ ಒಂದೇ ನಕ್ಷೆಯಲ್ಲಿ ಎಳೆದು, ಹೆಸರು, ತಾರೀಖು ಬರೆದು, ಪ್ರಿಂಟ್ ಕೊಟ್ಟು ಗಿರಾಕಿಯ ಫೋನ್ ಎತ್ತಲು ಹೋದಳು. ಆ ಪ್ರಿಂಟರಿನಿಂದ ಬರುವ ನಕ್ಷೆಗಳೆಲ್ಲ ಡೆಲಿವರಿಯ ದಾರಿಗಳೇ. ಸಾಮಾನು ಕಳುಹಿಸುವ ಉಸ್ತುವಾರಿಯ ಧನರಾಜ್ ಪಿಯದಾಸನ ಹೆಸರು ಕಂಡದ್ದೇ ತಡ, ಬಿಲ್ಲುಗಳ ಜೊತೆ ಪಿನ್ ಹೊಡೆದು ಅವನ ಕೈಗಿತ್ತ.

"ಎಂತ ಮಾಡಿದ್ರಿ ಮಾರಾಯ್ರೆ!" ಫೋನ್ ಮುಗಿಸಿ ಬಂದ ಡೆಲ್ಮಾ ವಿಷಯ ತಿಳಿದು ಹೌಹಾರಿದಳು.

"ನಂಗೆಂತ ಗೊತ್ತು? ಹೆಸ್ರುಂಟು, ದಾರಿಯುಂಟು. ಡೆಲಿವರಿ ಅಂತ ಗ್ರೇಶಿದೆ."

"ತವರಾಸ ಅಂಕಲ್ ನೋಡಿದ್ರಾ?"

"ಇಬ್ರೂ ಒಟ್ಟಿಗೇ ನೋಡಿದ್ದು. ಆಮೇಲೆ ಮಾತಿಲ್ಲ ಕತೆಯಿಲ್ಲ. ಊಟಕ್ಕೂ ಬರ್ಲಿಲ್ಲ."

ಪ್ರಬಂಧ ಹಾಳಾಗಿ ಹೋಗಲಿ, ಒಂದು ಕಾಗದ ಸಾಕಾಯಿತಲ್ಲ ಇವರ ಸ್ನೇಹ ಮುರಿಯಲು! ತನ್ನ ಮೇಲೆಯೇ ಅಸಹ್ಯಪಡುತ್ತ ಡೆಲ್ಮಾ ಗೋದಾಮಿನ ಹಿಂಬದಿಗೆ ಓಡಿದಳು.

ಇಬ್ಬರೂ ಅಲ್ಲೇ ಇದ್ದರು. ಗೇರ್‌ಬಾಕ್ಸಿನ ಪೆಟ್ಟಿಗೆಯ ಮೇಲೆ ನಕ್ಷೆ ಹರಡಿತ್ತು.

"ತಪ್ಪಾಯ್ತು ಅಂಕಲ್," ಎಂದಳು.

"ತುಂಬಾ ತಪ್ಪು," ಎಂದ ತವರಾಸ, ಪೆನ್ನಿನಿಂದ ಕುಟ್ಟುತ್ತ. "ಇಲ್ಲಿ ಸೇತುವೆ ಹಾಕಿದ್ದೀಯ. ಸೇತುವೆ ಎಲ್ಲಿತ್ತು? ಬರೀ ಕೆಸರು. ನಮ್ಮ ಟ್ರ್ಯಾಕ್ಟರ್ ಅರ್ಧ ದಿನ ಹೂತಿತ್ತು."

"ನನ್ನ ಟ್ರಕ್ಕೂ," ಎಂದ ಪಿಯದಾಸ ತಲೆಯೆತ್ತದೆ. ಅವನ ಬೆರಳು ನಿಧಾನವಾಗಿ ಹಿಂದಕ್ಕೆ ಸರಿದು ಒಂದು ಹಳ್ಳಿಯ ಮೇಲೆ ನಿಂತಿತು. ತವರಾಸನ ಮನೆಯವರು ಬೆಳಗ್ಗೆ ಬಿಟ್ಟುಹೋದ ಹಳ್ಳಿ. ಸೇನೆ ಅಲ್ಲಿಗೆ ಬಂದದ್ದು ಅದೇ ಸಂಜೆ.

"ಮೂಲೆಮನೆ ನಿಮ್ಮದಾ? ಮುಂದೆ ಬಾವಿ ಇತ್ತು?"

ತವರಾಸ ಹೌದೆಂಬಂತೆ ತಲೆಯಾಡಿಸಿದ.

"ಆರು ಜನ ಕುಡಿದೆವು. ಮಳೆ ಬಂದು ಎಲ್ಲೆಲ್ಲೂ ನೀರು, ಕುಡಿಯೋದಕ್ಕೆ ಮಾತ್ರ ಹನಿಯಿರಲಿಲ್ಲ. ನಿಮ್ಮ ಬಾವಿಯದು ಸಿಹಿ," ಎಂದ ಪಿಯದಾಸ. "ಹಗ್ಗ ಹೊಸದಿತ್ತು. ಅದಕ್ಕೇ ಹೆದರಿದ್ದೆವು, ಏನೋ ಮೋಸ ಇರಬೇಕು ಅಂತ. ಊರು ಬಿಟ್ಟು ಓಡುವವರು ಹೊಸ ಹಗ್ಗ ಯಾಕೆ ಕಟ್ಟುತ್ತಾರೆ?"

ತವರಾಸ ಪೆನ್ನು ಕೆಳಗಿಟ್ಟ.

"ಅಪ್ಪ ಕಟ್ಟಿದ್ದು," ಎಂದ. "ಟ್ರ್ಯಾಕ್ಟರ್ ಹೊರಟು ನಿಂತಿತ್ತು. ಹಳೆ ಹಗ್ಗ ಸವೆದಿದೆ, ಹಿಂದೆ ಬರೋರಿಗೆ ಬಾಯಾರಿರುತ್ತೆ ಅಂತ ಕಟ್ಟುತ್ತ ಕೂತರು. ಬರೋದು ಯಾರು ಗೊತ್ತಾ ನಿಮಗೆ, ತಲೆ ಕೆಟ್ಟಿದೆಯಾ ಅಂತ ಎಲ್ಲರೆದುರು ಬೈದುಬಿಟ್ಟೆ. ಗೊತ್ತು ಅಂದರು, ಅಷ್ಟೇ."

ಡೆಲ್ಮಾಳಿಗೆ ಅಳು ತಡೆಯಲಾಗಲಿಲ್ಲ. ತವರಾಸ ಅವಳ ಕಡೆ ನೋಡಲೂ ಇಲ್ಲ. ಜೇಬಿನಿಂದ ಫೋನ್ ತೆಗೆದು ಜಾಫ್ನಾಕ್ಕೆ ಕರೆ ಮಾಡಿದ. ಆ ಕಡೆಯಿಂದ ಮುದಿ ದನಿಯೊಂದು ಕೆಮ್ಮುತ್ತ ಯಾರೆಂದು ಕೇಳಿತು. ಅವನು ಉತ್ತರಿಸದೆ ಫೋನನ್ನು ಪಿಯದಾಸನ ಮುಂದೆ ಹಿಡಿದ.

"ನೀನೇ ಹೇಳು. ಅಪ್ಪನಿಗೆ ಸಿಂಹಳ ಬರುತ್ತೆ."

ಪಿಯದಾಸ ಗ್ರೀಸ್ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೊಮ್ಮೆ ಒರೆಸಿಕೊಂಡು, ಎರಡೂ ಕೈಯಲ್ಲಿ ಫೋನ್ ತೆಗೆದುಕೊಂಡ.