ಎಡಗಡೆಯ ದನಿ

ಕರೋಶಿಯಿಂದ ಬಸ್ಸು ಹತ್ತಿ ಚಿಕ್ಕೋಡಿಯಲ್ಲಿ ಇಳಿದ ರಾಜಮತಿಯ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ಹೋಮ್ ಥಿಯೇಟರಿನ ಪೆಟ್ಟಿಗೆ, ಇನ್ನೊಂದರಲ್ಲಿ ಅದರ ಎರಡು ಸ್ಪೀಕರು. ಪೆನ್‌ಡ್ರೈವನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು.

"ಎಡಗಡೇದು ಮೂಕ ಆಗೇತಿ ನೋಡ ತಮ್ಮಾ," ಎಂದಳು ರಿಪೇರಿ ಅಂಗಡಿಯ ಸುರಜನಿಗೆ.

"ಬಲಗಡೇದು ಮಾತಾಡತೈತಲ್ಲ ಮಾವಶಿ? ನಮ್ಮ ಮನ್ಯಾಗೂ ಹಂಗ ರೀ. ಒಬ್ರು ಮಾತಾಡೂದು, ಒಬ್ರು ಸುಮ್ಮ ಕುಂದ್ರೂದು."

ರಾಜಮತಿ ನಗಲಿಲ್ಲ. "ಆ ಕಡೀನ ನನ್ನ ಮಗಳದಾಳ."

ಸುರಜ ಸ್ಕ್ರೂ ಡ್ರೈವರ್ ಕೈಗೆತ್ತಿಕೊಂಡ.

ಹನ್ನೆರಡು ವರ್ಷದ ಹಿಂದಿನ ಮಾತು. ಊರ ಬಸದಿಯ ಪುರಾಣದ ಓದಿನಲ್ಲಿ ಬ್ರಾಹ್ಮಿ ಎಂಬ ಮಗಳು ಪದ್ಯ ಹಾಡುವಳು, ತಾಯಿ ರಾಜಮತಿ ಅರ್ಥ ಹೇಳುವಳು. ಇಬ್ಬರಿಗೂ ಒಂದೊಂದು ಮೈಕು. ಮಗಳ ದನಿ ಎಡಗಡೆ, ತಾಯಿಯದು ಬಲಗಡೆ ಕೇಳುವಂತೆ ಕ್ಯಾಸೆಟ್ ಮಾಡುತ್ತಿದ್ದರು. ಒಂದು ಸಂಜೆ ಬ್ರಾಹ್ಮಿ ಸಾಲು ತಪ್ಪಿದಳು. "ಲಕ್ಷ್ಯ ಎಲ್ಲೈತಿ ನಿಂದು?" ಎಂದು ರಾಜಮತಿ ಮೈಕಿನಲ್ಲೇ ಗದರಿದಳು. ಮಗಳು ಏನೋ ಅಂದಳು. ಕೂತವರೆಲ್ಲ ಗೊಳ್ಳೆಂದು ನಕ್ಕರು. ಸಿಟ್ಟಿನ ಭರದಲ್ಲಿದ್ದ ರಾಜಮತಿಯ ಕಿವಿಗೆ ಆ ಮಾತು ಬೀಳಲಿಲ್ಲ. ಅದೇ ವಾರ ಬ್ರಾಹ್ಮಿ ದೀಕ್ಷೆ ತಗೊಳ್ಳುತ್ತೇನೆ ಎಂದಳು.

ಏನಂದಿದ್ದಳು ಅವತ್ತು? ನಕ್ಕವರಿಗೂ ಈಗ ನೆನಪಿಲ್ಲ. ದೀಕ್ಷೆ ತಗೊಂಡು ಮಾತಾಜಿಯಾದವಳನ್ನು ಕೇಳುವಂತಿಲ್ಲ. ದರ್ಶನಕ್ಕೆ ಹೋದರೆ ಎಲ್ಲರಿಗೂ ಎತ್ತುವಂತೆ ತಾಯಿಗೂ ನವಿಲುಗರಿಯ ಪಿಂಛಿ ಎತ್ತಿ ಹರಸುತ್ತಾಳೆ. ಬಿಟ್ಟುಬಂದ ಮನೆಯ ಮಾತು ಆಡುವುದಿಲ್ಲ. ರಾಜಮತಿಯೂ ದೀಕ್ಷೆಯ ದಿನ ಎರಡು ನೇಮ ಹಿಡಿದಳು. ಮೋಹ ಕಡಿಯಲಿ ಎಂದು ಹನ್ನೆರಡು ವರ್ಷ ಮಗಳ ಆ ಓದು ಕೇಳುವುದಿಲ್ಲ. ಪರಿಗ್ರಹ ಕಡಿಮೆಯಾಗಲಿ ಎಂದು ಯಾವ ವಸ್ತುವನ್ನೂ ಎರಡೆರಡು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಕ್ಯಾಸೆಟ್ಟಿನದನ್ನು ಒಬ್ಬರಿಂದ ಪೆನ್‌ಡ್ರೈವಿಗೆ ಇಳಿಸಿಕೊಂಡು, ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರ್ ಸಮೇತ ಬಸದಿಗೆ ಕೊಟ್ಟುಬಿಟ್ಟಳು. ನೇಮದವಳು, ಇಳಿಸಿದ್ದು ಸರಿಯಾಗಿದೆಯೇ ಎಂದು ಕೇಳಿ ನೋಡುವ ಹಾಗೂ ಇರಲಿಲ್ಲ.

ಮೊನ್ನೆ ನೇಮ ಮುಗಿಯಿತು. ತಲೆಗೆ ನೀರು ಹಾಕಿಕೊಂಡು, ತೊಳೆದ ಸೀರೆಯುಟ್ಟು, ಪೆನ್‌ಡ್ರೈವ್ ಹಚ್ಚಿದಳು. ಬಂದದ್ದು ಬರೀ ತನ್ನ ದನಿ. ಅರ್ಥ, ಆಮೇಲೆ ಮೌನ. ಮತ್ತೆ ಅರ್ಥ, ಮತ್ತೆ ಮೌನ.

ಸುರಜ ಎರಡೂ ಸ್ಪೀಕರಿನ ವಾಯರು ಅದಲು ಬದಲು ಮಾಡಿದ. ಈಗ ಇನ್ನೊಂದು ಸ್ಪೀಕರು ಮೂಕವಾಯಿತು. "ಸ್ಪೀಕರ್ ಎರಡೂ ಚೊಲೊ ಅದಾವ. ರೋಗ ಪೆಟ್ಟಿಗ್ಯಾಗ ಐತಿ." ಮುಚ್ಚಳ ಬಿಚ್ಚಿದ. ಎಡಗಡೆಯ ವಾಯರು ಸಿಗಿಸುವಲ್ಲಿ ಬೆಸುಗೆ ಬಿರುಕು ಬಿಟ್ಟಿತ್ತು. ಕಾವಿಟ್ಟು ಹೊಸ ಬೆಸುಗೆ ಹಾಕಿ, ತನ್ನ ಪೆನ್‌ಡ್ರೈವಿನ ಮರಾಠಿ ಭಜನೆ ಹಚ್ಚಿದ. ತಾಳ ಎಡಕ್ಕೂ ಬಲಕ್ಕೂ ಝಲ್ಲೆಂದಿತು.

"ಬಂತ! ಬಂತ ನೋಡ!" ರಾಜಮತಿ ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಟಳು.

ಆಕೆಯ ಪೆನ್‌ಡ್ರೈವ್ ಹಾಕಿದರೆ ಅದೇ ಅರ್ಥ, ಅದೇ ಮೌನ.

ಸುರಜ ಅದನ್ನು ಕಂಪ್ಯೂಟರಿಗೆ ಚುಚ್ಚಿದ. ಪರದೆಯ ಮೇಲೆ ಎರಡು ಗೆರೆ ಮೂಡಿದವು. ಕೆಳಗಿನದು ಗುಡ್ಡದ ಸಾಲಿನಂತೆ ಏರಿಳಿಯುತ್ತಿತ್ತು. ಮೇಲಿನದು ಈ ತುದಿಯಿಂದ ಆ ತುದಿವರೆಗೆ ಸಪಾಟ.

"ಮಾವಶಿ, ಇದರಾಗ ಎಡಗಡೇದು ತುಂಬೇ ಇಲ್ಲ. ಇಳಿಸೂಮುಂದ ಎರಡ ಪಿನ್ನಿನಾಗ ಒಂದು ಸಡಲ ಆಗಿರಬೇಕು." ತಡೆದು ಕೇಳಿದ, "ಕ್ಯಾಸೆಟ್ ಐತೇನ್ರಿ?"

"ಬಸದ್ಯಾಗ ಅದರ ಮ್ಯಾಲ ಮುನಿ ಮಹಾರಾಜರ ಪ್ರವಚನ ತುಂಬ್ಯಾರ. ತುಂಬ್ಕೋರಿ ಅಂತ ನಾನ ಹೇಳಿದ್ದೆ."

ಸುರಜ ತಲೆ ಕೆರೆದುಕೊಂಡ. "ನಿಮ್ಮ ಮೈಕಿನಾಗ ಆಕಿ ದನಿ ಒಂಚೂರರ ಬಿದ್ದಿರತೈತಿ. ನೋಡೂಣು." ಆಕೆ ಹೇಳಿದ ಆ ಸಂಜೆಯ ಭಾಗ ಹುಡುಕಿ, ವಾಲ್ಯೂಮನ್ನು ಕೊನೆಯವರೆಗೆ ತಿರುವಿದ.

"ಲಕ್ಷ್ಯ ಎಲ್ಲೈತಿ ನಿಂದು?"

ಸಿಡಿಲಿನಂತೆ ಬಂತು ರಾಜಮತಿಯ ದನಿ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಬಳಿಕ ಸರ್ರೆನ್ನುವ ಸಪ್ಪಳ. ಅದರೊಳಗೆ, ಬಾವಿಯ ತಳದಲ್ಲಿ ಯಾರೋ ಅಂದಂತೆ, ನೂಲೆಳೆಯಷ್ಟು ದನಿ. ಮೂರೋ ನಾಲ್ಕೋ ಮಾತು. ಒಂದೂ ತಿಳಿಯಲಿಲ್ಲ. ಮರುಗಳಿಗೆ ಜನ ಗೊಳ್ಳೆಂದು ನಕ್ಕರು.

"ಇನ್ನೊಮ್ಮೆ ಹಚ್ಚಪಾ."

ಹಚ್ಚಿದ. ಗದರಿಕೆ, ಸಪ್ಪಳ, ನಗು.

"ಇನ್ನೂ ಜೋರು ಮಾಡು."

"ಏರಿಸಿದಷ್ಟೂ ಆ ಸಪ್ಪಳಾನೂ ಏರತೈತ್ರಿ ಮಾವಶಿ. ಮಾತು ಅದರಾಗ ಮುಳಗತೈತಿ."

ರಾಜಮತಿ ಸ್ಟೂಲನ್ನು ಮುಂದಕ್ಕೆಳೆದುಕೊಂಡು, ಎಡಗಡೆಯ ಸ್ಪೀಕರಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ಆ ಸ್ಪೀಕರಿಗೆ ಏನೂ ಬರುತ್ತಿರಲಿಲ್ಲ. ಸುರಜ ಅದನ್ನು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು, ಮತ್ತೊಮ್ಮೆ ಹಚ್ಚಿದ.

"ಈಗ ಲಕ್ಷ್ಯ ಇಟ್ಟ ಕೇಳಾಕತ್ತೇನಿ ಬೇ," ಎಂದಳು ಮೆಲ್ಲಗೆ. "ಹೇಳು."

ಬಲಗಡೆಯಲ್ಲಿ ಜನ ನಕ್ಕರು.