ಮುಂಬೈಯಲ್ಲಿ ಉಳಿದ ಅರ್ಧ ಸಾಯಬಣ್ಣ

ಈ ಕಥೆ ಹೇಳುವ ಯೋಗ್ಯತೆ ನನಗಿದೆಯೇ ಎಂದು ಮೂರು ಸಲ ಯೋಚಿಸಿದೆ. ಮೂರು ಸಲವೂ ಇಲ್ಲ ಎಂದೇ ತೋರಿತು. ಆದರೂ ಬರೆಯುತ್ತಿದ್ದೇನೆ, ಓದುವವರು ಕ್ಷಮಿಸಬೇಕು. ನಾನು ಕಲಿತದ್ದು ಶಹಾಬಾದಿನ ಸಂಜೆ ಶಾಲೆಯಲ್ಲಿ, ಹಗಲು ದುಡಿದು ಬಂದವರ ನಡುವೆ ಕುಳಿತು. ಅಲ್ಲದೆ ಇದರಲ್ಲಿ ಆದ ಮುಖ್ಯ ತಪ್ಪು ನನ್ನದೇ. ತಪ್ಪು ಮಾಡಿದವನೇ ಕಥೆ ಹೇಳಿದರೆ ಎಲ್ಲೋ ಒಂದು ಕಡೆ ತನ್ನನ್ನು ಉಳಿಸಿಕೊಳ್ಳುತ್ತಾನೆ. ಅದನ್ನು ಗಮನದಲ್ಲಿಟ್ಟುಕೊಂಡು ಓದಿರಿ.

ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಸೀಮೆ ಹಿಂದುಸ್ತಾನಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ನಾನು ಅಂಬಾರಾಯ ಸಾವುಕಾರರ ಅಂಗಡಿಯಲ್ಲಿ ಕಾರಕೂನನಾಗಿದ್ದೆ. ಅವರದು ಮೊದಲು ಹಾಸುಗಲ್ಲಿನ ದಲಾಲಿ ಮಾತ್ರ ಇತ್ತು. ಆಮೇಲೆ ಮುಂಬೈಯ ಒಂದು ಕಂಪನಿಯ ಬೀಮಾ, ಅಂದರೆ ಜೀವವಿಮೆಯ, ದಲಾಲಿಯೂ ಸೇರಿತು. ಕಲ್ಲು ಮಾರುವಾಗ ಅವರು ಗಿರಾಕಿಗೆ ಕಲ್ಲನ್ನು ಬೆರಳಿನಿಂದ ಬಡಿದು ಅದರ ನಾದ ಕೇಳಿಸುತ್ತಿದ್ದರು. ಬೀಮಾ ಮಾರುವಾಗ ಗಿರಾಕಿಯ ಬೆನ್ನನ್ನೇ ಬಡಿಯುತ್ತಿದ್ದರು.

ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಸಾಯಬಣ್ಣನ ಬೆನ್ನನ್ನೂ ಹಾಗೆಯೇ ಬಡಿದರು. "ನೀ ಸತ್ತ ದಿನ ನಿನ್ನ ಹೆಂಡತಿ ಕೈಯಾಗ ಸಾವಿರ ರೂಪಾಯಿ ಬರ್ತದ ನೋಡು. ಬದುಕಿದ್ದಾಗ ಎಂದಾರ ಕೊಟ್ಟೀಯೇನು ಅಷ್ಟು?" ಎಂದರು. ಸಾಯಬಣ್ಣ ನಾಚಿಕೊಂಡು, ಎರಡು ವರ್ಷ ಕೂಡಿಟ್ಟ ಐವತ್ತಾರು ರೂಪಾಯಿ ಎಣಿಸಿ ಕೊಟ್ಟ. ಆಗ ನಮ್ಮಲ್ಲಿ ನಿಜಾಮರ ಹಾಲಿ ರೂಪಾಯಿ, ಹಿಂದುಸ್ತಾನದ ಕಲ್ದಾರ್ ರೂಪಾಯಿ ಎರಡೂ ನಡೆಯುತ್ತಿದ್ದವು. ಏಳು ಹಾಲಿಗೆ ಆರು ಕಲ್ದಾರ್. ಹಾಗಾಗಿ ಅವನ ಐವತ್ತಾರು ಹಾಲಿ ಮುಂಬೈ ಮುಟ್ಟುವಾಗ ನಲವತ್ತೆಂಟು ಕಲ್ದಾರ್ ಆಯಿತು.

ಬೀಮಾ ಕಾಗದ ಬಂದ ಮೂರನೆಯ ದಿನವೇ ಸಾಯಬಣ್ಣ ಅದನ್ನು ರುಮಾಲಿನಲ್ಲಿ ಸುತ್ತಿಕೊಂಡು ಬಂದ.

"ಇದನ್ನ ವಾಪಸ್ ತಗೋರಿ ಸಾವುಕಾರ್ರೆ. ಸಾಬಮ್ಮ ಮಳಖೇಡಕ್ಕ ತವರಿಗೆ ಹೋಗ್ಯಾಳ."

"ಯಾಕೋ, ಜಗಳ ಆಡಿದ್ಯಾ?"

"ಜಗಳ ಎಲ್ಲಿದ್ರಿ. ಕಾಗದದಾಗ ಏನು ಬರೆದಾರ ಅಂತ ಕೇಳಿದ್ಳು, ಹೇಳ್ದೆ. ನಿನ್ನ ಸಾವಿಗಿ ಮುಂಗಡ ಕೊಟ್ಟು ಬಂದೀ ಏನು ಅಂದ್ಳು. ನಮ್ಮ ರೊಕ್ಕ ಅವರ ಕೈಯಾಗ ಇರೋತನಕ ಅವರು ನಿನ್ನ ದಾರಿ ಕಾಯ್ಕೋತ ಕುಂತಿರ್ತಾರ, ಪೂರಾ ರೊಕ್ಕ ತಿರುಗಿ ಬಂದ ದಿನ ನಾ ಬರ್ತೀನಿ ಅಂತ ಹೇಳಿ ಹ್ವಾದ್ಳು."

"ಹುಚ್ಚಿ," ಎಂದರು ಸಾವುಕಾರರು.

"ಹುಚ್ಚಿ ಖರೆ. ಆದ್ರ ರೊಟ್ಟಿ ಮಾಡಾಕಿ ಅಕೀನೇ ಅಲ್ರಿ."

ಕಂಪನಿಯ ನಿಯಮ ನಾನು ಓದಿದ್ದೆ. ಕಾಗದ ಕೈಸೇರಿ ಹದಿನೈದು ದಿನದೊಳಗೆ ಬೇಡವೆಂದು ಬರೆದರೆ ಪೂರಾ ಹಣ ವಾಪಸು. ಮೀರಿದರೆ ಖರ್ಚು ಕಡಿತ. ಸಾವುಕಾರರಿಗೆ ಇದನ್ನು ನೆನಪಿಸಿದಾಗ ನನ್ನ ಕಡೆ ನೋಡಿದ ನೋಟವನ್ನು ನಾನು ಮರೆತಿಲ್ಲ. ಆದರೂ ಅರ್ಜಿ ಬರೆ ಎಂದರು. ಅರ್ಧ ಹಾಳೆಯ ಇಂಗ್ಲಿಷ್ ಅರ್ಜಿಗೆ ಎರಡು ಸಂಜೆ ಹಿಡಿಯಿತು. ಸಂಜೆ ಶಾಲೆಯ ಮಾಸ್ತರರಿಗೆ ತೋರಿಸಿ ಕಾಗುಣಿತ ತಿದ್ದಿಸಿದೆ. ಕೊನೆಗೆ ದುಂಡಗೆ ತಾರೀಖು ಹಾಕಿ, ಇಸವಿ 1359 ಎಂದು ಬರೆದು ಅಂಚೆಗೆ ಹಾಕಿದೆ.

ನಮಗೆ ಅದು ಫಸಲಿ ವರ್ಷ, ನಿಜಾಮರ ಸರಕಾರದ ಲೆಕ್ಕದ ವರ್ಷ; ಹೊರಗಿನವರಿಗೆ ಅದು 1950. ಕಚೇರಿಯ ಕಾಗದ, ಗಣಿಯ ಹಾಜರಿ, ಕಂದಾಯದ ರಸೀದಿ ಎಲ್ಲದರಲ್ಲೂ ಹುಟ್ಟಿದಾಗಿನಿಂದ ಅದನ್ನೇ ಕಂಡವನು ನಾನು. ಕೈ ತಾನಾಗಿ ಬರೆಯಿತು. ಮಾಸ್ತರರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ, ಅವರೂ ಇಲ್ಲಿಯವರೇ.

ಮೂರು ವಾರದ ಮೇಲೆ ಮುಂಬೈಯಿಂದ ಉತ್ತರ ಬಂತು. ಅತ್ಯಂತ ವಿನಯದ ಉತ್ತರ. ತಮ್ಮ ಗ್ರಾಹಕರು ಬೀಮೆಯನ್ನು ಪಡೆಯುವುದಕ್ಕೆ ಐದುನೂರ ತೊಂಬತ್ತೊಂದು ವರ್ಷ ಮೊದಲೇ ಅದನ್ನು ರದ್ದು ಮಾಡಲು ಬರೆದಿರುವುದಾಗಿ ಕಾಣುತ್ತದೆ. ಆ ಕಾಲಕ್ಕೆ ಕಂಪನಿ ಸ್ಥಾಪನೆಯಾಗಿರಲಿಲ್ಲ. ಆದ್ದರಿಂದ ಅರ್ಜಿಯನ್ನು ಪರಿಗಣಿಸಲಾಗದ್ದಕ್ಕೆ ವಿಷಾದಿಸುತ್ತೇವೆ. ಸರಿಯಾದ ತಾರೀಖಿನ ಅರ್ಜಿ ಬಂದರೆ ಅದು ಬಂದ ದಿನದಿಂದ ನೋಡಲಾಗುವುದು.

ಸಾವುಕಾರರು ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದರು. "ಅಮೃತಪ್ಪ, ನಿನ್ನಷ್ಟು ಜಲ್ದಿ ಕೆಲಸ ಮಾಡೋ ಕಾರಕೂನ ಹಿಂದುಸ್ತಾನದಾಗ ಇಲ್ಲಪ್ಪ," ಎಂದರು. ನಾನು ತಲೆ ತಗ್ಗಿಸಿ ಹೊಸ ಅರ್ಜಿ ಬರೆದೆ. ಹದಿನೈದು ದಿನ ಎಂದೋ ಮುಗಿದುಹೋಗಿತ್ತು.

ಕಂಪನಿ ಕಡಿತ ಮಾಡಿತು. ಡಾಕ್ಟರ ಫೀ ಎಂಟು, ಸ್ಟಾಂಪು ಎರಡು, ಕಾಗದ ತಯಾರಿಸಿದ್ದಕ್ಕೆ ಮೂರು. ಇಷ್ಟು ದಿನ ಸಾಯಬಣ್ಣ ಸಾಯಬಹುದಾಗಿತ್ತು, ಆ ಜವಾಬ್ದಾರಿ ಹೊತ್ತದ್ದಕ್ಕೆ ಎರಡು. ಮೂವತ್ತಮೂರು ಕಲ್ದಾರ್ ಮನಿಯಾರ್ಡರಾಗಿ ಬಂತು. ಅದರಲ್ಲಿ ಸಾವುಕಾರರು ಒಂಬತ್ತು ತೆಗೆದು ಗಲ್ಲೆಗೆ ಹಾಕಿಕೊಂಡರು.

"ಇದ್ಯಾವುದ್ರಿ?" ಎಂದೆ.

"ಬಿಡಿಸಿದ ದಲಾಲಿ. ಬೀಮಾ ಮಾಡಿಸಿದ್ದಕ್ಕ ಕಂಪನಿ ಕೊಡ್ತದ, ಬಿಡಿಸಿದ್ದಕ್ಕ ಕಂಪನಿ ಕೊಡ್ತದೇನು? ಇವನೇ ಕೊಡಬೇಕು."

ಉಳಿದದ್ದು ಇಪ್ಪತ್ತನಾಲ್ಕು ಕಲ್ದಾರ್, ಅಂದರೆ ಇಪ್ಪತ್ತೆಂಟು ಹಾಲಿ. ಸಾಯಬಣ್ಣ ಕೊಟ್ಟದ್ದರಲ್ಲಿ ಸರಿಯಾಗಿ ಅರ್ಧ.

ನನ್ನ ಒಂದು ಅಂಕಿಯಿಂದ ಒಂದು ಸಂಸಾರ ಕೂಡದೆ ಉಳಿಯುತ್ತದೆ ಎಂಬುದು ಎದೆಯಲ್ಲಿ ಕಲ್ಲಿನಂತೆ ಕುಳಿತಿತ್ತು. ನನ್ನ ಸಂಬಳದಿಂದ ಇಪ್ಪತ್ತೆಂಟು ಹಾಲಿ ತೆಗೆದು ಬೇರೆ ಗಂಟು ಕಟ್ಟಿದೆ. ಇದೂ ಕಂಪನಿಯಿಂದಲೇ ಬಂತು ಎನ್ನುವುದೆಂದು ತೀರ್ಮಾನಿಸಿ, ಪೂರಾ ರೊಕ್ಕ ಬಂದಿದೆ ಎಂದು ಮಳಖೇಡಕ್ಕೆ ಹೇಳಿಕಳಿಸಿದೆ. ಸುಳ್ಳು ಹೇಳುವುದು ನನಗೆ ರೂಢಿಯಿಲ್ಲ, ಆದ್ದರಿಂದ ಮನೆಯಲ್ಲಿ ಎರಡು ದಿನ ಹೇಳಿ ನೋಡಿಕೊಂಡೆ.

ಸಾಬಮ್ಮ ರೈಲಿಳಿದು ನೆಟ್ಟಗೆ ಅಂಗಡಿಗೇ ಬಂದಳು. ಹಿಂದೆ ಸಾಯಬಣ್ಣ. ಅವಳು ನಾನಿಟ್ಟ ಮೊದಲ ಗಂಟು ಬಿಚ್ಚಿ ಇಪ್ಪತ್ತನಾಲ್ಕು ಕಲ್ದಾರ್ ಎಣಿಸಿದಳು. ಎರಡನೆಯದನ್ನು ಬಿಚ್ಚಿ ಒಂದು ನಾಣ್ಯವನ್ನು ತಿರುವಿ ತಿರುವಿ ನೋಡಿದಳು.

"ಇದೂ ಮುಂಬೈದೇನ್ರಿ ತಮ್ಮಾ?"

"ಹೂಂನ್ರಿ ಅಕ್ಕಾ."

"ಮುಂಬೈದಾಗ ಹಾಲಿ ನಡೀತದೇನು?"

ಎರಡು ದಿನದ ಅಭ್ಯಾಸದಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಸಾವುಕಾರರು ಕೆಮ್ಮಿದರು. ಕೊನೆಗೆ ನಾನೇ ತಾರೀಖಿನ ತಪ್ಪು, ಕಡಿತ, ದಲಾಲಿ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ನನ್ನ ಗಂಟನ್ನು ಕಟ್ಟಿ ನನ್ನ ಮುಂದೆ ಸರಿಸಿದಳು.

"ನಿನ್ನ ರೊಕ್ಕ ನಂಗ ಬ್ಯಾಡ ತಮ್ಮಾ. ಇದನ್ನ ತಗೊಂಡ್ರೂ ನನ್ನ ಗಂಡ ಅರ್ಧ ಅಲ್ಲೇ ಉಳೀತಾನ, ಮ್ಯಾಲ ನೀ ಅರ್ಧ ನಮ್ಮ ಮನ್ಯಾಗ ಬಂದು ಬೀಳ್ತಿ." ಆಮೇಲೆ ಸಾವುಕಾರರ ಕಡೆ ತಿರುಗಿದಳು. "ಒಂಬತ್ತು ನಿಮ್ಮ ಹಂತ್ಯಾಕ ಅದಾವಂತಲ್ರಿ?"

"ಅದು ದಸ್ತೂರದ್ದವಾ, ಎಲ್ಲಾರೂ ತಗೋತಾರ."

"ಇಟ್ಕೋರಿ, ಕೇಳಂಗಿಲ್ಲ. ಅಷ್ಟರಮಟ್ಟಿಗಿ ಇವನ ಜೀವ ನಿಮ್ಮ ಗಲ್ಲೆದಾಗ ಅದ. ಇವಗ ಏನರ ಆದ್ರ ನಾ ಮುಂಬೈಗಿ ಹೋಗಂಗಿಲ್ಲ, ಇಲ್ಲೇ ಬರ್ತೀನಿ."

ಸಾವುಕಾರರು ಒಂಬತ್ತು ರೂಪಾಯಿ ತೆಗೆದು ಮುಂದಿಟ್ಟರು. ಅವಳು ಮುಟ್ಟಲಿಲ್ಲ.

"ಮತ್ತ ನೀ ಮನೀಗಿ ಬರಂಗಿಲ್ಲೇನು?" ಎಂದ ಸಾಯಬಣ್ಣ. ಅವನು ಅಂಗಡಿಗೆ ಬಂದ ಮೇಲೆ ಆಡಿದ ಮೊದಲ ಮಾತು ಅದು.

ಸಾಬಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. ರೊಕ್ಕದ ಲೆಕ್ಕವಲ್ಲ. "ಮುಂಬೈ ಗಾಡಿ ಶಹಾಬಾದಕ್ಕ ನೆಟ್ಟಗ ಬರ್ತದ," ಎಂದಳು. "ಇಲ್ಲಿ ನಾ ಇರಂಗಿಲ್ಲ, ನಿನಗೂ ಇರಗೊಡಂಗಿಲ್ಲ. ಮಳಖೇಡಕ್ಕ ಬರಬೇಕಂದ್ರ ವಾಡಿದಾಗ ಇಳಿದು ಗಾಡಿ ಬದಲಿ ಮಾಡಬೇಕು. ಆ ಗಾಡಿ ಯಾವತ್ತರ ಹೊತ್ತಿಗಿ ಸರಿ ಬಂದದೇನು? ನಿನ್ನ ಹುಡುಕ್ಕೋತ ಮುಂಬೈಯಿಂದ ಬಂದವರು ವಾಡಿದಾಗೇ ಕುಂತು ಬ್ಯಾಸರ ಮಾಡ್ಕೊಂಡು ತಿರುಗಿ ಹೋಗ್ತಾರ. ನಡಿ."

ಸಾಯಬಣ್ಣ ನನ್ನ ಮುಖ ನೋಡಿದ. ನಿಯಮಾವಳಿಯಲ್ಲಿ ಇದಕ್ಕೆ ವಿರುದ್ಧವಾಗಿ ಏನೂ ಇರಲಿಲ್ಲ. ಅವನು ರುಮಾಲು ಸುತ್ತಿಕೊಂಡು ಅವಳ ಹಿಂದೆ ಸ್ಟೇಷನ್ನಿಗೆ ನಡೆದ. ಗಣಿ ಬಿಟ್ಟು, ಮಾವನ ಜೊತೆ ಕಾಗಿಣಾ ಹೊಳೆಯಲ್ಲಿ ದೋಣಿ ನಡೆಸುತ್ತಾನೆಂದು ಆಮೇಲೆ ಕೇಳಿದೆ. ಮಳಖೇಡದವರು ಯಾರು ಅಂಗಡಿಗೆ ಬಂದರೂ ಸಾವುಕಾರರು ಕಲ್ಲಿನ ಮಾತಿಗೆ ಮೊದಲು, "ಸಾಯಬಣ್ಣ ಅರಾಮ ಇದ್ದಾನಲ್ಲ? ಹೊಳಿ ಭಾಳ ಬಂದದೇನು?" ಎಂದು ಕೇಳುತ್ತಿದ್ದರು. ಆ ಒಂಬತ್ತು ರೂಪಾಯಿಯನ್ನು ಅವರು ಖರ್ಚು ಮಾಡಲಿಲ್ಲ. ಗಲ್ಲೆಯ ಮೂಲೆಯಲ್ಲಿ ಬೇರೆಯೇ ಇಟ್ಟಿದ್ದರು.

ಈಗ ಬೀಮಾ ಕಂಪನಿಗಳೆಲ್ಲ ಸರಕಾರದ ವಶಕ್ಕೆ ಹೋಗಿವೆ. ಮುಂಬೈಯಿಂದ ನಮಗೆ ಹಣ ಬಂತೇ ಹೊರತು ಬೀಮಾ ರದ್ದಾಯಿತೆಂಬ ಕಾಗದ ಕೊನೆಗೂ ಬರಲಿಲ್ಲ. ನಾನು ಎರಡು ಸಲ ಬರೆದೆ, ಇಸವಿಯನ್ನು ನಾಲ್ಕು ಸಲ ನೋಡಿ ಬರೆದೆ. ಸಾಯಬಣ್ಣನ ಬೀಮಾ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.